ನೂರನೇ ಕಿಲೋಮೀಟರಿನ ಆಚೆ

ಕೆಳಗಿನ ಬೀರು ಅಂಗಡಿಯಲ್ಲಿ ತಗಡು ಬಡಿಯುವ ಸದ್ದು ಬೆಳಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ಆರರವರೆಗೆ ಬಿಡುವಿಲ್ಲ. ಮೊದಲು ದೊಡ್ಡ ಸುತ್ತಿಗೆ, ಆಮೇಲೆ ಚಿಕ್ಕದು, ಕೊನೆಗೆ ಅಂಚು ಮಡಿಸುವಾಗಿನ ಕಿರುಚು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದ ಅಕ್ಕ ತಂಗಿ ಇಬ್ಬರೂ ಅದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ರಜೆಯ ದಿನ ಸದ್ದು ಕೇಳದಿದ್ದರೆ ಅಕ್ಕ ಕಿಟಕಿಯಿಂದ ಬಗ್ಗಿ, "ಯಾಕೆ, ಇವತ್ತು ಯಾರಿಗೂ ಬೀರು ಬೇಡ್ವಂತಾ? ಎಲ್ಲಾರೂ ಬಟ್ಟೆ ನೆಲದ ಮೇಲೇ ಹಾಕ್ಕೊಂಡ್ರಾ?" ಎಂದು ಯಾರಿಗೂ ಅಲ್ಲದಂತೆ ಕೇಳುತ್ತಿದ್ದಳು.

ಅಕ್ಕ ಟೈಪಿಂಗ್ ಕಲಿಸುತ್ತಿದ್ದವಳು. ಮಂಡಿ ಕೈಕೊಟ್ಟ ಮೇಲೆ ಮನೆಯಲ್ಲೇ. ತಂಗಿಗೆ ನಲವತ್ತೇಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ಕೆಲಸ: ಆಪರೇಷನ್ನಿಗೆ ಬಳಸಿದ ಕತ್ತರಿ, ಇಕ್ಕಳ, ಚಾಕುಗಳು ಮೇಲಿನಿಂದ ಬರುತ್ತವೆ, ಅವನ್ನು ತೊಳೆದು, ಎಣಿಸಿ, ಬಟ್ಟೆಯಲ್ಲಿ ಸುತ್ತಿ, ಹಬೆಯ ಯಂತ್ರದೊಳಗೆ ಇಡಬೇಕು. ಹೊರಬಂದ ಗಂಟಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಕಪ್ಪು ಗೆರೆ ಮೂಡಿದ್ದರೆ ಶುದ್ಧ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಬೆಳಗ್ಗೆ ಆರರಿಂದ ಎರಡರವರೆಗೆ ಅವಳ ಪಾಳಿ. ಅಲ್ಲಿ ಅವಳ ಮುಖ ನೋಡಿ ಮಾತಾಡುವವರು ಕಡಿಮೆ. ಗೋಡೆಯಲ್ಲಿ ಒಂದು ಚೌಕದ ಕಿಂಡಿ. ಅದರಲ್ಲಿ ಕೈಗಳು ಬರುತ್ತವೆ, ಗಂಟು ತೆಗೆದುಕೊಂಡು ಹೋಗುತ್ತವೆ.

ಮೂರು ಗಂಟೆಗೆ ಮನೆಗೆ ಬಂದು, ಕಾಲು ತೊಳೆದು, ಕಂಪ್ಯೂಟರಿನ ಮುಂದೆ ಕೂತರೆ ಅವಳು ದೊಡ್ಡಮ್ಮ.

ಅದೊಂದು ರೈಲು ಓಡಿಸುವ ಆಟ. ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು. ಆಡುವವರು ಮಾತ್ರ ಬಿಟ್ಟಿರಲಿಲ್ಲ. ತಮಗೆ ಬೇಕಾದ ಹಳಿಯನ್ನು ತಾವೇ ಹಾಸಿಕೊಳ್ಳಬಹುದಾದದ್ದು ಅದರ ಸೊಗಸು. ಅಕ್ಕನ ಟೈಪಿಂಗ್ ಶಾಲೆ ಮುಚ್ಚಿದಾಗ ಮನೆಗೆ ಬಂದ ಕಂಪ್ಯೂಟರಿನಲ್ಲಿ ಆಟ ಆಗಲೇ ಇತ್ತು. ಜೀವಮಾನದಲ್ಲಿ ನಾಲ್ಕೇ ಸಲ ರೈಲು ಹತ್ತಿದ್ದ ತಂಗಿ ಅದರೊಳಗೆ ಮೂವತ್ತು ಕಿಲೋಮೀಟರಿನ ಒಂದು ಪುಟ್ಟ ಮಾರ್ಗ ಹಾಸಿದಳು. ಆಟ ಕೈಕೊಟ್ಟಾಗ ಅಭಿಮಾನಿಗಳ ಬಳಗವನ್ನು ಹುಡುಕಿಕೊಂಡು ಹೋದಳು. ಉತ್ತರ ಸಿಕ್ಕ ಮೇಲೆ ಅಲ್ಲೇ ಉಳಿದು ಬೇರೆಯವರಿಗೆ ಉತ್ತರ ಹೇಳತೊಡಗಿದಳು. ಒಂದು ವರ್ಷ, ಎರಡು ವರ್ಷ, ಹನ್ನೆರಡು ವರ್ಷ. ಬೇಸರಪಡದೆ, ಗದರದೆ, ಒಂದೇ ಪ್ರಶ್ನೆಗೆ ಸಾವಿರ ಸಲ. ದೊಡ್ಡಮ್ಮ ಎಂದು ಮೊದಲು ಕರೆದವರು ಯಾರೋ, ಆಮೇಲೆ ಎಲ್ಲರಿಗೂ ಅವಳು ಅದೇ.

"ಹೋಗು, ನಿನ್ನ ಮಕ್ಕಳು ಅಳ್ತಿವೆ," ಎನ್ನುತ್ತಿದ್ದಳು ಅಕ್ಕ. "ನಾನು ಟೈಪಿಂಗ್ ಕಲಿಸಿದ್ದು ನಿಂಗೆ ಕಚೇರೀಲಿ ಕುರ್ಚಿ ಸಿಗ್ಲಿ ಅಂತ. ನೀನು ನೋಡಿದ್ರೆ ಇಲ್ಲದ ರೈಲಿಗೆ ಇಲ್ಲದ ಹಳಿ ರಿಪೇರಿ."

"ಸಂಬಳ ಇಲ್ಲ ಅನ್ನೋದನ್ನೂ ಸೇರಿಸಿ ಹೇಳು."

"ಅದನ್ನ ನಾಳೆಗೆ ಇಟ್ಕೊಂಡಿದೀನಿ."

ಆಟ ತಡವರಿಸಿದರೆ, ನಿಂತು ನಿಂತು ಓಡಿದರೆ, ಏನು ಮಾಡಬೇಕೆಂದು ದೊಡ್ಡಮ್ಮ ಏಳು ಸಾಲಿನಲ್ಲಿ ಬರೆದಿಟ್ಟಿದ್ದಳು. ಹನ್ನೊಂದು ವರ್ಷದಿಂದ ಅದು ಬಳಗದ ಪುಟದ ನೆತ್ತಿಯ ಮೇಲೆ ಕೂತಿತ್ತು. ನಾಲ್ಕನೇ ಸಾಲು: ‘ತಾತ್ಕಾಲಿಕ ಎಂಬ ಫೋಲ್ಡರನ್ನು ಪೂರ್ತಿ ಅಳಿಸಿ. ಹೆದರಬೇಡಿ, ಏನೂ ಆಗುವುದಿಲ್ಲ.’ ಅವಳು ಅದನ್ನು ಸುಮ್ಮನೆ ಬರೆದಿರಲಿಲ್ಲ. ತನ್ನ ಮೂವತ್ತು ಕಿಲೋಮೀಟರಿನ ಮಾರ್ಗದ ಮೇಲೆ ಐದು ಸಲ ಮಾಡಿ ನೋಡಿ ಬರೆದಿದ್ದಳು.

ಆ ತಿಂಗಳ ಎರಡನೇ ತಾರೀಕು ಡ್ರೈವರ್ ಮಾವನ ಪತ್ರ ಬಂತು.

ಡ್ರೈವರ್ ಮಾವ ನಿಜಕ್ಕೂ ರೈಲು ಓಡಿಸಿದವರು, ಮೂವತ್ತೊಂದು ವರ್ಷ, ಹೆಚ್ಚುಕಡಿಮೆ ಒಂದೇ ಮಾರ್ಗದಲ್ಲಿ. ನಿವೃತ್ತರಾದ ಮೇಲೆ ಆ ಮಾರ್ಗವನ್ನೇ ಮುಚ್ಚಿ ಹಳಿ ಕಿತ್ತುಹಾಕಿದರು. ಆರು ವರ್ಷದ ಹಿಂದೆ ವೈದ್ಯರು ಅವರಿಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದರು. ಆ ವಾರವೇ ಅವರು ಬಳಗಕ್ಕೆ ಬಂದು ಸೇರಿದ್ದು. ತಲೆಯಲ್ಲಿರುವಾಗಲೇ ಹಾಸಿಬಿಡುತ್ತೇನೆ ಎಂದು ಮೊದಲ ದಿನವೇ ಬರೆದಿದ್ದರು. ಇನ್ನೂರ ಹನ್ನೊಂದು ಕಿಲೋಮೀಟರ್. ಯಾವ ತಿರುವಿನಲ್ಲಿ ವೇಗ ತಗ್ಗಿಸಬೇಕು, ಯಾವ ಸೇತುವೆಯ ಕೆಳಗೆ ಬಟ್ಟೆ ಒಗೆಯುವವರು ತಲೆಯೆತ್ತಿ ನೋಡುತ್ತಾರೆ, ಯಾವ ನಿಲ್ದಾಣದ ಗಡಿಯಾರ ನಾಲ್ಕು ನಿಮಿಷ ಮುಂದಿದೆ, ಎಲ್ಲವನ್ನೂ ಒಂದೊಂದಾಗಿ ಇಳಿಸಿದ್ದರು. ಗಂಟು ಬಿದ್ದಾಗಲೆಲ್ಲ ದೊಡ್ಡಮ್ಮನೇ ಬಿಡಿಸಿಕೊಟ್ಟಿದ್ದಳು.

‘ದೊಡ್ಡಮ್ಮ, ನಿಮ್ಮ ಏಳು ಸಾಲಿನಂತೆ ಮಾಡಿದೆ. ಆಟ ಈಗ ಬೆಣ್ಣೆಯಂತೆ ಓಡುತ್ತಿದೆ. ಆದರೆ ನೂರನೇ ಕಿಲೋಮೀಟರಿನ ಆಚೆ ಹಳಿ ಇಲ್ಲ. ಊರಿಲ್ಲ, ಕಂಬವಿಲ್ಲ, ಬರೀ ಹಸಿರು. ನಾನೇ ಏನೋ ತಪ್ಪು ಒತ್ತಿರಬೇಕು. ತಲೆ ಮೊದಲಿನಂತಿಲ್ಲ, ನಿಮಗೆ ಗೊತ್ತೇ ಇದೆ.’

ದೊಡ್ಡಮ್ಮ ಅದನ್ನು ಎರಡು ಸಲ ಓದಿದಳು. ಡ್ರೈವರ್ ಮಾವನ ಬಳಿ ಇದ್ದದ್ದು ಆಟದ ಹಳೆಯ ಆವೃತ್ತಿ. ಅವಳು ಅದನ್ನೇ ಹುಡುಕಿ ಹಾಕಿಕೊಂಡಳು, ಬಳಗದ ಉಗ್ರಾಣದಿಂದ ನೂರೈವತ್ತು ಕಿಲೋಮೀಟರಿನ ಯಾರದ್ದೋ ಮಾರ್ಗ ತಂದು ಉಳಿಸಿದಳು, ಆಮೇಲೆ ಫೋಲ್ಡರ್ ಅಳಿಸಿದಳು. ರೈಲು ಹತ್ತಿ ಹೊರಟಳು. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ಹಳಿ ಮುಗಿಯಿತು. ಗಾಲಿಯ ಸದ್ದು ನಿಂತು, ಇಂಜಿನ್ನು ಹಸಿರಿನ ಮೇಲೆ ಸದ್ದಿಲ್ಲದೆ ತೇಲಿಕೊಂಡು ಹೋಯಿತು.

ಹಳೆಯ ಆವೃತ್ತಿಯಲ್ಲಿ ಮಾರ್ಗ ನೂರು ಕಿಲೋಮೀಟರ್ ದಾಟಿದರೆ, ಮಿಕ್ಕಿದ್ದನ್ನು ಆಟ ಯಾರಿಗೂ ಹೇಳದೆ ತಾತ್ಕಾಲಿಕ ಫೋಲ್ಡರಿನಲ್ಲಿ ಇಡುತ್ತಿತ್ತು. ಅಷ್ಟುದ್ದ ಹಾಸುವವರು ನೂರಕ್ಕೊಬ್ಬರು. ಯಾರು ಎಲ್ಲರಿಗಿಂತ ಹೆಚ್ಚು ದುಡಿದಿದ್ದರೋ ಅವರದ್ದು ಮಾತ್ರ ಅಳಿಯುತ್ತಿತ್ತು, ಅವಳ ನಾಲ್ಕನೇ ಸಾಲಿನಿಂದ.

ಬಳಗ ನಡೆಸುವವನಿಗೆ ಫೋನು ಮಾಡಿದಳು. ಅವನನ್ನು ಎಲ್ಲರೂ ಸ್ಟೇಷನ್ ಮಾಸ್ಟರ್ ಎನ್ನುತ್ತಿದ್ದರು. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ ಇಟ್ಟಿದ್ದ.

"ಸುಮ್ನೆ ಆ ಸಾಲು ತಿದ್ದಿಬಿಡಿ ದೊಡ್ಡಮ್ಮ," ಎಂದ. "ಯಾರಿಗೆ ಗೊತ್ತಾಗುತ್ತೆ? ಹೇಳಿದ್ರೆ ಹೋದ ಹಳಿ ವಾಪಸ್ ಬರುತ್ತಾ?"

"ಅವ್ರು ತಾವೇ ತಪ್ಪು ಮಾಡಿದೀವಿ ಅಂದ್ಕೊಂಡಿದಾರೆ."

"ಅಂದ್ಕೊಳ್ಲಿ ಬಿಡಿ. ಪಾಪ, ನಾಳೆ ಅದೂ ಮರೆತುಹೋಗುತ್ತೆ. ನಿಮ್ಮ ಮೇಲಿನ ನಂಬಿಕೆ ಹೋದ್ರೆ ಇಲ್ಲಿ ಉಳಿಯೋದೇನು? ಜನ ಬರೋದೇ ನಿಮ್ಮನ್ನ ನೋಡಿ."

ಆ ಕೊನೆಯ ಮಾತು ಅವಳಿಗೆ ಹಿತವಾಗಿತ್ತು. ಹಿತವಾಯಿತೆಂಬುದು ಆಗಲೇ ಅವಳಿಗೆ ತಿಳಿದೂ ಇತ್ತು. ನಾಲ್ಕನೇ ಸಾಲನ್ನು ತಿದ್ದಿದಳು. ಡ್ರೈವರ್ ಮಾವನಿಗೆ, ‘ನೋಡುತ್ತಿದ್ದೇನೆ, ಸ್ವಲ್ಪ ಸಮಯ ಕೊಡಿ’ ಎಂದು ಬರೆದಳು. ‘ನಿಮಗೆ ಎಷ್ಟು ತೊಂದರೆ ಕೊಡುತ್ತೇನೆ’ ಎಂದು ಉತ್ತರ ಬಂತು. ಅವಳು ಕಂಪ್ಯೂಟರ್ ಆರಿಸಿ ಎದ್ದಳು.

ಆರನೇ ತಾರೀಕು ಆಸ್ಪತ್ರೆಯಲ್ಲಿ ಹಬೆಯ ಯಂತ್ರ ಕೈಕೊಟ್ಟಿತು. ಬೆಳಗಿನ ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಅರ್ಧಕ್ಕೇ ನಿಂತಿತ್ತು. ಅವಳು ಯಾರನ್ನೂ ಕೇಳಲಿಲ್ಲ. ಹಿಂದಿನ ಸಂಜೆಯಿಂದ ಮೇಲೆ ಹೋಗಿದ್ದ ನಲವತ್ತೊಂದು ಗಂಟುಗಳ ಲೆಕ್ಕದ ಪುಸ್ತಕ ತೆಗೆದು, ಒಂದೊಂದು ವಾರ್ಡಿಗೂ ತಾನೇ ಫೋನು ಮಾಡಿ, ಬಿಚ್ಚಬೇಡಿ, ವಾಪಸ್ ಕಳಿಸಿ ಎಂದಳು. ಆಗಲೇ ಬಿಚ್ಚಿದ್ದ ಎರಡು ಗಂಟುಗಳ ನಂಬರು ಬರೆದು ಕೆಳಗೆ ಸಹಿ ಹಾಕಿದಳು.

"ಕೈ ನಡುಗಲ್ವಲ್ಲ ನಿಂಗೆ," ಎಂದಳು ಮುಖ್ಯ ನರ್ಸ್. "ಬೇರೆಯವ್ರಾಗಿದ್ರೆ ಇಷ್ಟು ಹೊತ್ತಿಗೆ ಮುಚ್ಚಿಹಾಕಿರೋರು."

ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತಾ ಕಿಂಡಿಯ ಕಡೆ ನೋಡಿದಳು. ಅವತ್ತು ಮೂರು ಗಂಟೆಗೆ ಕಂಪ್ಯೂಟರ್ ಮುಂದೆ ಕೂತು ‘ಪ್ರೀತಿಯ ಡ್ರೈವರ್ ಮಾವ’ ಎಂದು ಬರೆದಳು. ಅಳಿಸಿದಳು. ಮರುದಿನವೂ ಬರೆದು ಅಳಿಸಿದಳು.

"ಏನೇ ಅದು, ಕೀ ಒತ್ತೋ ಸದ್ದು ಬರುತ್ತೆ, ಅಳಿಸೋ ಸದ್ದೂ ಬರುತ್ತೆ," ಎಂದಳು ಒಳಗಿನಿಂದ ಅಕ್ಕ. ಮೂವತ್ತು ವರ್ಷ ಟೈಪಿಂಗ್ ಕಲಿಸಿದವಳ ಕಿವಿ. "ಯಾರಿಗೆ ಬರೀತಿದೀಯ, ಬರೀಬಾರದ್ದು?"

"ಯಾರಿಗೂ ಇಲ್ಲ."

"ಹಂಗಾದ್ರೆ ಪೂರ್ತಿ ಬರಿ. ಯಾರಿಗೂ ಇಲ್ಲದ್ದಕ್ಕೆ ಇಷ್ಟ್ಯಾಕೆ ನಾಚಿಕೆ?"

ಹದಿಮೂರನೇ ತಾರೀಕು ಡ್ರೈವರ್ ಮಾವನ ಹೆಸರಿನಿಂದ ಮತ್ತೊಂದು ಪತ್ರ ಬಂತು. ಬರೆದವಳು ಅವರ ಮಗಳು.

‘ಅಪ್ಪ ಇನ್ನು ಇಲ್ಲಿಗೆ ಬರುವುದಿಲ್ಲ. ಆರು ವರ್ಷ ಮಾಡಿದ್ದನ್ನು ತಾವೇ ಅಳಿಸಿಕೊಂಡರು, ಹೇಗೆಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಇವತ್ತು ಇದು, ನಾಳೆ ಒಲೆ ಹಚ್ಚಿ ಮರೆತರೆ? ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ವೈದ್ಯರನ್ನೂ ಕೇಳಿದೆವು. ಮೊನ್ನೆ ಹನ್ನೊಂದನೇ ತಾರೀಕು ಅವರನ್ನು ಆರೈಕೆಯ ಮನೆಗೆ ಸೇರಿಸಿದೆವು. ಇಷ್ಟು ದಿನ ಅವರಿಗೆ ಸಹಾಯ ಮಾಡಿದ ದೊಡ್ಡಮ್ಮನಿಗೆ ಕೃತಜ್ಞತೆಗಳು.’

ದೊಡ್ಡಮ್ಮ ಎದ್ದು ಹೋಗಿ ಮುಖ ತೊಳೆದಳು. ಮತ್ತೆ ಬಂದು ಕೂತಳು. ಈ ಸಲ ಅಳಿಸಲಿಲ್ಲ. ಪುಟದ ನೆತ್ತಿಯ ಮೇಲೆ, ಎಲ್ಲರಿಗೂ ಕಾಣುವಂತೆ, ನಾಲ್ಕನೇ ಸಾಲು ತಪ್ಪೆಂದೂ, ಬರೆದವಳು ತಾನೆಂದೂ, ಡ್ರೈವರ್ ಮಾವ ಯಾವ ತಪ್ಪನ್ನೂ ಮಾಡಲಿಲ್ಲವೆಂದೂ ಬರೆದಳು. ಕೊನೆಗೆ ತನ್ನ ಫೋನ್ ನಂಬರ್ ಹಾಕಿದಳು.

ಬೈಗುಳ ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ಬೇರೆ. ‘ಹಾಗಾದರೆ ಅದು ನಾನಲ್ಲ,’ ಎಂದು ಒಬ್ಬರು ಬರೆದರು. ‘ಎಂಟು ವರ್ಷದ ಹಿಂದೆ ನನ್ನದೂ ಹೀಗೇ ಹೋಯಿತು. ತಮ್ಮನ ಮೇಲೆ ಅನುಮಾನಪಟ್ಟು ಹೊಡೆದಿದ್ದೆ.’ ಇನ್ನೊಬ್ಬರು, ‘ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ’ ಎಂದರು. ನಾಲ್ಕು ದಿನದಲ್ಲಿ ಹತ್ತೊಂಬತ್ತು ಜನ. ಅವರಲ್ಲಿ ಹೆಚ್ಚಿನವರು ಆಟ ಬಿಟ್ಟು ವರ್ಷಗಳಾಗಿದ್ದವರು, ಯಾರೋ ಹೇಳಿ ಕಳಿಸಿದ್ದರಿಂದ ಬಂದು ಒಂದೇ ಸಾಲು ಬರೆದು ಹೋದವರು. ಒಬ್ಬರೂ ಆಗ ಬಂದು ಕೇಳಿರಲಿಲ್ಲ. ಏನೂ ಆಗುವುದಿಲ್ಲ ಎಂದು ದೊಡ್ಡಮ್ಮ ಹೇಳಿದ್ದಾಳೆ. ಆದದ್ದು ತಮ್ಮಿಂದಲೇ ಇರಬೇಕು.

ಸ್ಟೇಷನ್ ಮಾಸ್ಟರ್ ಫೋನು ಮಾಡಿ, "ಸ್ವಲ್ಪ ದಿನ ನೀವು ಉತ್ತರ ಕೊಡದೆ ಇದ್ರೆ ಒಳ್ಳೇದು. ತಪ್ಪು ತಿಳ್ಕೋಬೇಡಿ," ಎಂದ. ಅವಳು ತಪ್ಪು ತಿಳಿಯಲಿಲ್ಲ.

ಮಗಳ ಫೋನು ಬಂದದ್ದು ಆಮೇಲೆ.

"ಓದ್ದೆ," ಎಂದಳು. "ಅವ್ರ ಮಂಚಾನೂ ಕೊಟ್ಟುಬಿಟ್ವಿ. ಈಗ ವಾಪಸ್ ಕರ್ಕೊಂಡು ಬಂದು, ಮುಂದಿನ ವರ್ಷ ಮತ್ತೆ ಕಳಿಸೋದಾ? ಎರಡನೇ ಸಲ ಆ ಗೇಟಲ್ಲಿ ಬಿಟ್ಟು ಬರೋ ಶಕ್ತಿ ನಂಗಿಲ್ಲ."

"ಹೂಂ."

"ಒಂದು ಉಪಕಾರ ಮಾಡಿ. ನೀವೇ ಹೋಗಿ ಅವ್ರಿಗೆ ಹೇಳಿ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದಾಳೆ ಅಂತಾರೆ. ದಿನಾ ಅದೇ ಮಾತು, ನಾನೇ ಕೆಡಿಸಿದೆ, ನಾನೇ ಕೆಡಿಸಿದೆ."

ವಾರದ ರಜೆಯ ದಿನ ಎರಡು ಬಸ್ಸು ಬದಲಿಸಿ ಹೋದಳು. ಆರೈಕೆಯ ಮನೆ ಒಂದು ಕಾಲದಲ್ಲಿ ಗೋದಾಮಾಗಿದ್ದಿರಬೇಕು. ಕಿಟಕಿಗಳು ಎತ್ತರದಲ್ಲಿದ್ದವು, ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಉದ್ದನೆಯ ಹಾದಿಯ ಎರಡೂ ಬದಿಗೆ ಬಾಗಿಲುಗಳು, ಬಾಗಿಲಿಗೊಂದು ನಂಬರು. ಡ್ರೈವರ್ ಮಾವ ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದರು. ಅಂಗಿಯ ಗುಂಡಿಗಳೆಲ್ಲ ಸರಿಯಾಗಿದ್ದವು.

"ನೀವಾ ದೊಡ್ಡಮ್ಮ?" ಎಂದರು. "ನಾನು ಕೋಲು ಊರ್ಕೊಂಡು ಬರೋ ಮುದುಕಿ ಅಂದ್ಕೊಂಡಿದ್ದೆ. ನೀವು ನೋಡಿದ್ರೆ ನನ್ನ ಮಗಳ ಓರಗೆಯವ್ರು. ಕೂತ್ಕೊಳ್ಳಿ, ಕುರ್ಚಿ ಒಂದು ಕಾಲು ಕುಂಟು, ಎಡಕ್ಕೆ ವಾಲಬೇಡಿ."

ಅವಳು ಎಡಕ್ಕೆ ವಾಲದೆ ಕೂತು ಹೇಳಿದಳು. ಎಲ್ಲಿಯೂ ಸುತ್ತಿ ಬಳಸಲಿಲ್ಲ. ಫೋಲ್ಡರು, ನೂರು ಕಿಲೋಮೀಟರು, ನಾಲ್ಕನೇ ಸಾಲು. ಅವರು ತಲೆ ಒಂದು ಕಡೆಗೆ ವಾಲಿಸಿ, ಇಂಜಿನ್ನಿನ ಸದ್ದಿನಲ್ಲಿ ವ್ಯತ್ಯಾಸ ಹುಡುಕುವವರಂತೆ ಕೇಳಿಸಿಕೊಂಡರು.

"ನಾನು ಏನೂ ಒತ್ತಲಿಲ್ಲ?"

"ಇಲ್ಲ. ನಾನು ಹೇಳಿದ್ದನ್ನೇ ನೀವು ಮಾಡಿದ್ದು. ಅಕ್ಷರಶಃ."

"ಹಾಗಾದ್ರೆ ಆವತ್ತು ನನ್ನ ತಲೆ ಸರಿಯಾಗೇ ಇತ್ತು."

"ಸರಿಯಾಗೇ ಇತ್ತು."

ಅವರ ಮುಖದಲ್ಲಿ ಏನೋ ತಿಳಿಯಾಯಿತು. ಮಂಡಿಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದರು, ಎಲ್ಲೋ ಒಂದು ಕಡೆ ನಿಲ್ಲಿಸಿದರು. "ಮತ್ತೆ ಹಾಸೋಣ ಅಂತ ಕೂತ್ಕೋತೀನಿ ಮನಸ್ಸಲ್ಲೇ. ನೂರರ ತನಕ ಬರ್ತೀನಿ. ಆಚೆ ಒಂದು ಸೇತುವೆ ಇತ್ತು ಅನ್ನೋದು ಗೊತ್ತು. ಯಾವ ನದಿ ಅಂತ ಬರಲ್ಲ."

ಹಾದಿಯಲ್ಲಿ ಯಾರೋ ಕೆಮ್ಮಿದರು. ಡ್ರೈವರ್ ಮಾವ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ಅದರಲ್ಲಿ ಮುಗಿದ ದಿನಗಳಿಗೆಲ್ಲ ಪೆನ್ಸಿಲಿನಿಂದ ಅಡ್ಡಗೆರೆ ಹಾಕಿತ್ತು.

"ನಿಮಗೆ ಇದು ಯಾವತ್ತು ಗೊತ್ತಾಯ್ತು?"

"ಎರಡನೇ ತಾರೀಕು," ಎಂದಳು. "ನೀವು ಬರೆದ ದಿನಾನೇ. ಸಂಜೆ ಐದರ ಒಳಗೆ."

"ಎರಡು." ಅವರು ಎದ್ದು ಕ್ಯಾಲೆಂಡರಿನ ಹತ್ತಿರ ಹೋಗಿ ಚೌಕಗಳ ಮೇಲೆ ಬೆರಳಿಟ್ಟು ಎಣಿಸಿದರು. "ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು ಹನ್ನೊಂದನೇ ತಾರೀಕು. ಬೆಳಗ್ಗೆ ಒಂಬತ್ತೂವರೆ. ಅದು ಮರೆತಿಲ್ಲ." ತಿರುಗಿ ಅವಳನ್ನು ನೋಡಿದರು. ಸಿಟ್ಟಿರಲಿಲ್ಲ. ನಿಂತುಹೋದ ಗಾಡಿಯ ಕಾರಣ ಬರೆದುಕೊಳ್ಳಬೇಕಾದವರು ಕೇಳುವಂತೆ ಕೇಳಿದರು. "ಒಂಬತ್ತು ದಿನ. ಸಿಗ್ನಲ್ ಕೆಂಪಿತ್ತಾ, ದೊಡ್ಡಮ್ಮ?"

"ದಿನಾ ಬರೀತಿದ್ದೆ," ಎಂದಳು. "ಬರೆದು ಅಳಿಸ್ತಿದ್ದೆ. ಹೇಳ್ಬಾರ್ದು ಅಂತಲ್ಲ, ಹೇಳಿದ್ರೆ ಅಲ್ಲಿ ಎಲ್ಲಾರೂ ನನ್ನನ್ನ..."

ಅವರು ಮಿಕ್ಕ ಮಾತಿಗಾಗಿ ಕಾದರು. ಅವಳು ಕುರ್ಚಿಯಿಂದ ಎದ್ದಳು, ಬ್ಯಾಗು ಹೆಗಲಿಗೆ ಹಾಕಿಕೊಂಡಳು, ಬಾಗಿಲು ದಾಟಿ ನಂಬರುಗಳ ನಡುವಿನ ಹಾದಿಯಲ್ಲಿ, ಹಿಂದಿನಿಂದ "ನಿಮ್ಮನ್ನ ಏನು?" ಎಂದು ಅವರು ಕೇಳುತ್ತಿದ್ದರೂ, ಎಲ್ಲಿಯೂ ನಿಲ್ಲದೆ ಹೊರಗೆ ನಡೆದಳು.