ಹಂದರದೊಳಗಿನ ಟ್ರ್ಯಾಕ್ಟರ್

ನಮ್ಮದನ್ನು ಶೆಡ್ ಎಂದು ಕರೆದವರನ್ನು ನಾನು ತಿದ್ದುತ್ತೇನೆ. ಶೆಡ್ಡಿಗೆ ಗೋಡೆ ಇರುತ್ತದೆ, ಬಾಗಿಲು ಇರುತ್ತದೆ, ಹೆಸರು ಬರೆದ ಬೋರ್ಡು ಇರುತ್ತದೆ. ಬಂಕಾಪುರದಿಂದ ಸವಣೂರಿಗೆ ಹೋಗುವ ರಸ್ತೆಯ ಬದಿಗೆ ನಾನು ಟ್ರ್ಯಾಕ್ಟರ್ ರಿಪೇರಿ ಮಾಡುವ ಜಾಗದಲ್ಲಿ ಇರುವುದು ನಾಲ್ಕು ಕಂಬ, ಮೇಲೊಂದು ತಾಡಪತ್ರಿ. ಅಪ್ಪ ಇಲ್ಲೇ ಇದೇ ಕೆಲಸ ಮಾಡುತ್ತಿದ್ದ, ನಾನು ಅವನ ಕೈಕೆಳಗೆ ಕಲಿತೆ. ಹೆಣ್ಣುಮಗಳು ಪಾನಾ ಹಿಡಿದು ಬೋಲ್ಟು ಬಿಚ್ಚುವುದನ್ನು ನೋಡಲು ಗಾಡಿ ನಿಲ್ಲಿಸುವವರು ಈಗಲೂ ಇದ್ದಾರೆ. ನೋಡಲಿ. ಬೆಳಕಿಗೆ ಅಡ್ಡ ಬಂದರೆ ಮಾತ್ರ ಪಕ್ಕಕ್ಕೆ ಸರಿಯಿರಿ ಎನ್ನುತ್ತೇನೆ.

ಜಾಗ ನಮ್ಮದಲ್ಲ. ಮಾಲೀಕರು ಒಳ್ಳೆಯವರೇ, ಆದರೆ ನೆಲ ಅಗೆದು ಕಂಬ ನೆಡಬಾರದು ಎಂಬುದು ಅವರ ಒಂದೇ ಮಾತು. ಕಂಬ ನೆಟ್ಟವರು ನಾಳೆ ಜಾಗವನ್ನೇ ತಮ್ಮದೆಂದಾರು ಎಂಬ ಭಯ. ಅದಕ್ಕೆ ಅಪ್ಪ ಹಳೆಯ ಗಾಲಿಯ ರಿಮ್ಮುಗಳಲ್ಲಿ ಸಿಮೆಂಟು ಸುರಿದು, ನಡುವೆ ಕಬ್ಬಿಣದ ಪೈಪು ನಿಲ್ಲಿಸಿದ್ದ. ತಾಡಪತ್ರಿಯನ್ನು ಅವನು ಹಗ್ಗದಿಂದ ಕಟ್ಟುತ್ತಿರಲಿಲ್ಲ, ಹರಿದ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಅದರಿಂದ ಕಟ್ಟುತ್ತಿದ್ದ. ಗಾಳಿ ಬಂದರೆ ಹಗ್ಗ ಹಟ ಹಿಡಿದು ತಾಡಪತ್ರಿಯನ್ನೇ ಹರಿದುಬಿಡುತ್ತದೆ. ಟ್ಯೂಬು ಎಳೆದಷ್ಟು ಬಂದು ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ. ನಮ್ಮಲ್ಲಿ ಮಳೆ ಹಾನಗಲ್ ಕಡೆಯಿಂದ ಬರುವುದರಿಂದ ಆ ದಿಕ್ಕಿಗೆ ತಗ್ಗಾಗಿ ಕಟ್ಟಬೇಕು. ಮಳೆಗಾಲ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಮಡಚಿಡುತ್ತಿದ್ದೆವು, ಬೇಸಿಗೆಗೆ ಪಕ್ಕದ ಬೇವಿನ ಮರದ ನೆರಳು ಸಾಕಾಗುತ್ತಿತ್ತು.

ನನ್ನ ಮದುವೆ ಗೊತ್ತಾದದ್ದು ಹಿರೇಕೆರೂರು ಕಡೆಯ ಹುಡುಗನ ಜೊತೆ. ಹುಡುಗ ನನಗೆ ಹಿಡಿಸಿದ್ದ, ಸುಳ್ಳು ಯಾಕೆ ಹೇಳಲಿ. ನೋಡಲು ಬಂದ ದಿನ ನನ್ನ ಉಗುರಿನ ಸಂದಿಯ ಕಪ್ಪು ನೋಡಿ ಮುಖ ಸಿಂಡರಿಸದೆ ನಕ್ಕಿದ್ದ. ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ. ಮದುವೆಯಾದ ಮೇಲೆ ಈ ಕೆಲಸದ ಗತಿ ಏನು ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. "ಕೇಳಿದಾಗ ಹೇಳಿದ್ರಾತು" ಎಂದಿದ್ದಳು ಅವ್ವ.

ಮದುವೆಯ ಹಿಂದಿನ ದಿನ ಮನೆಯ ಮುಂದೆ ಹಂದರ ಎದ್ದು ನಿಂತಿತ್ತು. ಮಳೆ ಹತ್ತಿರ ಬಂದಿದೆ ಎಂದು ಅಪ್ಪ ಬಿದಿರಿನ ಗಳಗಳ ಮೇಲೆ ಹೊಸ ತಾಡಪತ್ರಿ ಎಳೆದು, ತನ್ನ ಟ್ಯೂಬಿನ ಪಟ್ಟಿಗಳಿಂದಲೇ ಬಿಗಿದಿದ್ದ. ಅಂಚಿಗೆ ಮಾವಿನ ಎಲೆ, ಮೂಲೆಯಲ್ಲಿ ಪೂಜೆಯಾದ ಹಾಲಗಂಬ. ಬೆಳಗ್ಗೆ ನನಗೆ ಅರಿಷಿಣ ಹಚ್ಚಿದರು. ಅರಿಷಿಣ ಹಚ್ಚಿದ ಮೇಲೆ ಮದುಮಗಳ ಕೈಯಲ್ಲಿ ಕಬ್ಬಿಣದ್ದೊಂದು ಇರಲೇಬೇಕು, ಕೆಟ್ಟ ಗಾಳಿ ಸೋಕಬಾರದೆಂದು. ಅಪ್ಪನ ಅಕ್ಕ, ನನ್ನ ಸೋದರತ್ತೆ, ಅಡಿಕೆ ಕತ್ತರಿಸುವ ಅಡಕೊತ್ತನ್ನು ನನ್ನ ಕೈಗಿಟ್ಟಳು. "ಮದಿವಿ ಮುಗಿಯೂತನಾ ಕೈಯಾಗಿನ ಕಬ್ಬಿಣ ಬಿಡಬ್ಯಾಡ, ನೋಡವಾ" ಎಂದು ಎರಡು ಸಲ ಹೇಳಿದಳು.

ಅಪ್ಪ ಆ ದಿನವೂ ರಸ್ತೆ ಬದಿಯಲ್ಲೇ ಇದ್ದ. ಯಲವಿಗಿ ಕಡೆಯ ಒಬ್ಬ ರೈತರು, ನಾವು ಚಾಚಾ ಎಂದು ಕರೆಯುವವರು, ತಮ್ಮ ಟ್ರ್ಯಾಕ್ಟರ್ ತಂದಿದ್ದರು. ಎಂಜಿನ್ನಿನ ಹೆಡ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸುವ ಕೆಲಸ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ, ಅದು ಬಿತ್ತಿದವರಿಗೆ ಮಾತ್ರ. ಚಾಚಾರದು ಮಸಾರಿ ಹೊಲ, ಬೇಗ ಆರುವ ಕೆಂಪು ಮಣ್ಣು. ಮಳೆ ನಿಂತ ಮರುದಿನವೇ ಬಿತ್ತಬೇಕು, ಹದ ಹಾರಿಹೋದರೆ ಬೇಡಿಕೊಂಡರೂ ಬರುವುದಿಲ್ಲ.

ಮಧ್ಯಾಹ್ನ ಮಳೆಗಿಂತ ಮೊದಲು ಗಾಳಿ ಬಂತು. ರಸ್ತೆ ಬದಿಯ ಹಳೆಯ ತಾಡಪತ್ರಿ ಜೀರ್ಣವಾಗಿತ್ತು, ಉಬ್ಬಿ ಎದ್ದು ಸೀಳಿಹೋಯಿತು. ಅದರ ಸೆಳೆತಕ್ಕೆ ಪೈಪಿನ ಕಂಬ ವಾಲಿ ಅಪ್ಪನ ಬಲಗೈ ಮಣಿಕಟ್ಟಿಗೆ ಬಡಿಯಿತು. ತೆರೆದ ಎಂಜಿನ್ನಿನ ಮೇಲೆ ತನ್ನ ಅಂಗಿಯನ್ನೂ ಒಂದು ಗೊಬ್ಬರದ ಚೀಲವನ್ನೂ ಮುಚ್ಚಿ, ಪಕ್ಕದ ಮಿರ್ಚಿ ಅಂಗಡಿಯವರನ್ನು ಕರೆದು, ಅಪ್ಪ ಮತ್ತು ಚಾಚಾ ಟ್ರ್ಯಾಕ್ಟರನ್ನು ನೂಕುತ್ತಾ ನಮ್ಮ ಮನೆಯವರೆಗೆ ತಂದರು. ಹತ್ತಿರದಲ್ಲಿ ಆಗ ಟ್ರ್ಯಾಕ್ಟರ್ ಹಿಡಿಸುವಂಥ ಒಣ ನೆಲ ಇದ್ದದ್ದು ನಮ್ಮ ಹಂದರದ ಕೆಳಗೊಂದೇ.

"ಹಂದರದಾಗ ತರಬ್ಯಾಡ್ರಿ, ಹಾಲಗಂಬ ಐತಿ" ಎಂದು ಅತ್ತೆ ಅಡ್ಡ ನಿಂತಳು. ಮುಚ್ಚಿಟ್ಟು ಮದುವೆ ಮುಗಿದ ಮೇಲೆ ಮಾಡಿರಿ ಎಂದಳು ಅವ್ವ. ಮುಚ್ಚಿಟ್ಟರೆ ಎಂಜಿನ್ ಉಳಿಯುತ್ತಿತ್ತು, ಹದ ಉಳಿಯುತ್ತಿರಲಿಲ್ಲ. ಅಪ್ಪನ ಮಣಿಕಟ್ಟು ಅಷ್ಟರಲ್ಲಿ ಬದನೆಕಾಯಿಯಂತೆ ಊದಿತ್ತು. ಚಾಚಾ ಯಾರ ಮುಖವನ್ನೂ ನೋಡದೆ, "ಇರಲಿ ಬಿಡ್ರಿ, ನಾ ಹೊರಗ ನಿಂದ್ರಸ್ತೇನಿ" ಎಂದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಒಳಗ ತರ್ರಿ ಚಾಚಾ" ಎಂದು ಅಡಕೊತ್ತನ್ನು ಕಟ್ಟೆಯ ಮೇಲಿಟ್ಟು ಪಾನಾ ತೆಗೆದುಕೊಂಡೆ. ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡಳು. "ಕಬ್ಬಿಣ ಇರಬೇಕು ಅಂದಿ ಅಲ್ಲತ್ತಿ, ಇದೂ ಕಬ್ಬಿಣನ" ಎಂದೆ. ಅವಳಿಗೆ ಸಿಟ್ಟು ಬಂತು. ಕಟ್ಟೆಯ ಮೇಲಿನ ಅಡಕೊತ್ತನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗ್ಯಾಸ್ಕೆಟ್ ಕೂರಿಸಿ, ಹೆಡ್ ಇಳಿಸಿ, ನಡುವಿನ ಬೋಲ್ಟಿನಿಂದ ಹೊರಕ್ಕೆ ಒಂದೊಂದಾಗಿ ಬಿಗಿಯುತ್ತಿದ್ದೆ. ಅಪ್ಪ ಕೈ ಎದೆಗವಚಿಕೊಂಡು ಪಕ್ಕದಲ್ಲಿ ಕೂತಿದ್ದ. ತಾಡಪತ್ರಿಯ ಹೊಟ್ಟೆಯಲ್ಲಿ ನಿಂತ ನೀರನ್ನು ಚಾಚಾ ಗಳದಿಂದ ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಆಗ ಬೀಗರ ಟೆಂಪೋ ಬಂತು.

ಮೊದಲು ಇಳಿದವರು ಹುಡುಗನ ಸೋದರಮಾವ, ಆ ಮನೆಯ ಹಿರಿಯರು. ಕಾಲಿಗೆ ನೀರು ಕೊಡಲು ಅವ್ವ ತಂಬಿಗೆ ಹಿಡಿದು ನಿಂತಿದ್ದಳು. ಅವರು ನೀರು ತೆಗೆದುಕೊಳ್ಳಲಿಲ್ಲ. ಟ್ರ್ಯಾಕ್ಟರ್ ನೋಡಿದರು, ಅರಿಷಿಣದ ಮೈಯ ಮೇಲೆ ಆಯಿಲ್ ಹತ್ತಿಸಿಕೊಂಡ ನನ್ನನ್ನು ನೋಡಿದರು.

"ಇರಲಿ, ಮಳಿ ಬಂತು, ಏನೋ ಆತು" ಎಂದರು. ದನಿ ಮೆತ್ತಗಿತ್ತು. "ಆದ್ರ ನಾಳಿಯಿಂದ ಇದನ್ನ ಮುಟ್ಟಂಗಿಲ್ಲ ಅಂತ ಇಲ್ಲೇ ನಾಕ ಮಂದಿ ಮುಂದ ಹೇಳಿಬಿಡವಾ. ನಮ್ಮ ಮನಿತನದಾಗ ಇದು ನಡಿಯೂದಿಲ್ಲ."

"ಆಗೂದಿಲ್ರೀ ಮಾವಾರ" ಎಂದೆ. "ಈ ಕೆಲಸ ನಾ ಬಿಡಂಗಿಲ್ಲ."

ಅಪ್ಪ ನನ್ನ ಹತ್ತಿರ ಬಾಗಿ ಮೆಲ್ಲಗೆ, "ಹೂಂ ಅಂದಬಿಡವಾ. ಬಾಯಿಮಾತ ಐತಿ. ಮುಂದಿಂದು ಮುಂದ ನೋಡಿದ್ರಾತು" ಎಂದ. ನನ್ನ ಕೈಗೆ ಮೊದಲ ಪಾನಾ ಕೊಟ್ಟವನು ಅವನು. ಆ ಮಾತಿಗೆ ನನ್ನ ಕಣ್ಣು ತುಂಬಿದವು, ಬೀಗರ ಮಾತಿಗಲ್ಲ.

"ಒಂದು ಬೋಲ್ಟ್ ಸಡಲ ಇದ್ರೂ ಎಂಜಿನ್ ಮುಚ್ಚಬ್ಯಾಡ ಅಂತ ನೀನ ಕಲಿಸೀದಿ ಅಪ್ಪಾ" ಎಂದೆ. ಅಪ್ಪ ತಲೆ ತಗ್ಗಿಸಿದ. ಮಾವನ ಹಿಂದೆ ಇಳಿದು ನಿಂತಿದ್ದ ಹುಡುಗನ ಕಡೆ ನೋಡಿದೆ. ಅವನು ಮಾವನ ಮುಖ ನೋಡಿದ. ಅಷ್ಟು ಸಾಕಾಯಿತು ನನಗೆ. ಉಳಿದ ಬೋಲ್ಟುಗಳನ್ನು ಬಿಗಿಯಲು ತಿರುಗಿ ಕೂತೆ.

ಟೆಂಪೋ ತಿರುಗಿತು. ಹತ್ತುವಾಗ ಹುಡುಗ ಒಮ್ಮೆ ಹಿಂದೆ ನೋಡಿದನಂತೆ, ಅವ್ವ ಆಮೇಲೆ ಹೇಳಿದಳು. ಕರೆದಿದ್ದರೆ ಬರುತ್ತಿದ್ದನೋ ಏನೋ. ನಾನು ಕರೆಯಲಿಲ್ಲ, ಅವನು ಇಳಿಯಲಿಲ್ಲ. ಸಂಜೆಯ ಹೊತ್ತಿಗೆ ಟ್ರ್ಯಾಕ್ಟರ್ ಶುರುವಾಯಿತು. ಹಂದರದ ತುಂಬ ಹೊಗೆ ತುಂಬಿ ಮಾವಿನ ಎಲೆ ಕಪ್ಪಾದವು. ಚಾಚಾ ಸೀಟಿನಲ್ಲಿ ಕೂತು, "ನನ್ನಿಂದ ಆತಲ್ಲ ಬೇಟಾ" ಎಂದರು. "ನಿಮ್ಮಿಂದಲ್ರಿ. ನಾಳಿ ಕೇಳೂದನ್ನ ಇವತ್ತ ಕೇಳಿದ್ರು, ಅಷ್ಟ" ಎಂದೆ. ಅವರು ಹೋದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಚೆನ್ನಾಗಿಯೇ ಅತ್ತೆ. ಹುಗ್ಗಿಗೆ ನೆನೆಹಾಕಿದ್ದ ಗೋಧಿಯನ್ನು ಅವ್ವ ಮರುದಿನ ಕುದಿಸಿ ಓಣಿಗೆಲ್ಲ ಬಡಿಸಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬುದ್ಧಿ ಹೇಳಿದವರು ಬಹಳ. ನನ್ನ ಮಾತು ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದೆ.

ಹಂದರ ಮಾತ್ರ ಹಾಗೇ ನಿಂತಿತ್ತು. ಮದುವೆಯಾಗದ ಹಂದರ ಕಿತ್ತರೆ ಮನೆಗೆ ಒಳ್ಳೆಯದಲ್ಲ ಎಂದು ಅತ್ತೆ ಯಾರನ್ನೂ ಮುಟ್ಟಗೊಡಲಿಲ್ಲ. "ಕೀಳೂದಿಲ್ಲತ್ತಿ, ಸರಸ್ತೇನಿ" ಎಂದು ಆ ತಾಡಪತ್ರಿಯನ್ನು ಕಪ್ಪಾದ ಮಾವಿನ ಎಲೆಯ ಸಮೇತ ಒಯ್ದು, ರಸ್ತೆ ಬದಿಯ ಸಿಮೆಂಟಿನ ಕಂಬಗಳ ಮೇಲೆ ಕಟ್ಟಿದೆ. ಎಷ್ಟೋ ಮಳೆಗಾಲ ಆದವು. ಅದೇ ಮೇಲಿದೆ, ತೂತು ಬಿದ್ದಲ್ಲಿ ತೇಪೆ ಹಾಕಿದ್ದೇನೆ. ಅದನ್ನು ಮಾತ್ರ ಬೇಸಿಗೆಯಲ್ಲೂ ಬಿಚ್ಚುವುದಿಲ್ಲ. ಹೆಸರೇನು ಎಂದು ಕೇಳಿದವರಿಗೆ ಹಂದರ ಎನ್ನುತ್ತೇನೆ.

ಅತ್ತೆ ಈಗಲೂ ಬಂದಾಗಲೊಮ್ಮೆ ಬೇವಿನ ಕೆಳಗೆ ಕೂತು, ಕೈಯಲ್ಲಿನ ಪಾನಾವನ್ನು ಇನ್ನಾದರೂ ಕೆಳಗಿಡು ಎಂದು ಗೊಣಗುತ್ತಾಳೆ. ಮದುವೆ ಮುಗಿಯುವ ತನಕ ಕೈಯ ಕಬ್ಬಿಣ ಬಿಡಬೇಡ ಎಂದವಳು ಅವಳೇ. ನನ್ನ ಮದುವೆ ಇನ್ನೂ ಮುಗಿದಿಲ್ಲ. ನಾನೂ ಬಿಟ್ಟಿಲ್ಲ.