ಬಾಯ್ಲರಿನ ಇಬ್ಬರು ಸಾಹೇಬರು

ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಚಹಾಕ್ಕಿಟ್ಟ ನೀರು ಕುದಿಯುವ ಸದ್ದಾದರೆ ನಾನು ಈಗಲೂ ಎದ್ದು ಹೋಗಿ ಪಾತ್ರೆಯೊಳಗೆ ಇಣುಕುತ್ತೇನೆ. ಹೆಂಡತಿ ನಗುತ್ತಾಳೆ. ಕಮಲಾಪುರದ ಹತ್ತಿರದ ಸಕ್ಕರೆ ಕಾರ್ಖಾನೆಯ ಬಾಯ್ಲರನ್ನು ಅವಳು ನೋಡಿಲ್ಲ.

ಆ ಬಾಯ್ಲರಿನ ಡ್ರಮ್ಮಿನಲ್ಲಿ ನೀರು ಅರ್ಧಕ್ಕೆ ನಿಲ್ಲಬೇಕು. ಅದಕ್ಕೆಂದೇ ಇಬ್ಬರು ಸಾಹೇಬರಿದ್ದರು, ಎರಡು ಕಂಟ್ರೋಲರುಗಳು. ದೊಡ್ಡದು ಮಟ್ಟ ನೋಡಿ ಎಷ್ಟು ನೀರು ಬೇಕೆಂದು ಆದೇಶ ಕೊಡುತ್ತದೆ. ಸಣ್ಣದು ಅದರಂತೆ ವಾಲ್ವ್ ತಿರುಗಿಸುತ್ತದೆ. ಸರ್ಕಾರಿ ಕಚೇರಿಗಿಂತ ಇದು ವಾಸಿ ಎಂದು ನಂಬಿದ್ದೆ. ಮಟ್ಟ ಏರಿಳಿಯುತ್ತದೆ ಎಂದು ನನ್ನನ್ನು ಕರೆಸಿದ್ದರು. ಇಂಜಿನಿಯರಿಂಗ್ ಓದಿದವನು ನಾನು. ಮೂರು ದಿನ ಮಹಡಿಯ ಕಂಟ್ರೋಲ್ ರೂಮಿನಲ್ಲಿ ಕೂತು ದೊಡ್ಡದರ ಹೊಂದಾಣಿಕೆಯ ಅಂಕಿಗಳನ್ನೇ ತಿದ್ದಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಕಾರ್ಖಾನೆ ಹೆಚ್ಚು ಹಬೆ ಎಳೆಯಿತು. ಪರದೆಯ ಮೇಲೆ ಮಟ್ಟ ಇಳಿಯತೊಡಗಿತು. ದೊಡ್ಡದು ನೀರು ಕೇಳುತ್ತಲೇ ಇತ್ತು, ವಾಲ್ವ್ ಮಿಸುಕಲಿಲ್ಲ.

"ಸಣ್ಣದು ಯಾಕ ಮಾತು ಕೇಳವಲ್ದು?" ಎಂದೆ ಪಕ್ಕದಲ್ಲಿ ಕೂತಿದ್ದ ಆಪರೇಟರನಿಗೆ.

"ನಾನೇ ಅದನ್ನ ದೊಡ್ಡದರಿಂದ ಬಿಡಿಸಿಟ್ಟೀನ್ರಿ. ದೊಡ್ಡದು ಹೇಳಿದಂಗ ಕುಣಿದು ವಾಲ್ವ್ ಭಾಳ ಗದ್ದಲ ಮಾಡ್ತಿತ್ತು. ಈಗ ನೋಡ್ರಿ, ಎಷ್ಟ್ ಶಾಂತ ಅದ."

"ಯಾವಾಗಿಂದ?"

"ನೀವು ಬಂದ ದಿನದಿಂದ. ಓದಿದವ್ರು, ಗೊತ್ತಿರ್ತದ ಅಂದ್ಕೊಂಡೆ."

ಕೆಳಗೆ ಓಡಿದೆ, ಅವನೂ ಬಂದ. ನಿಜವಾದ ಮಟ್ಟ ತೋರಿಸುವ ಗಾಜು ಎದುರಿಗೇ ಇತ್ತು. ದಸರೆಯ ಪೂಜೆಯಲ್ಲಿ ಅದಕ್ಕೆ ದಪ್ಪಗೆ ಬಳಿದ ವಿಭೂತಿಯನ್ನು ಒರೆಸುವ ಪಾಪಕ್ಕೆ ಯಾರೂ ಕೈಹಾಕಿರಲಿಲ್ಲ. ಅಂಗಿಯ ತೋಳಿನಿಂದ ಒರೆಸಿದೆ. ಗಾಜಿನಲ್ಲಿ ನೀರೇ ಇರಲಿಲ್ಲ.

ಒಲೆಯ ಬಾಗಿಲಲ್ಲಿ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಚಾಚಾ ನಿಂತಿದ್ದರು. ಆಪರೇಟರ ನೀರಿನ ಚಕ್ರಕ್ಕೆ ಕೈಹಾಕಿದ. ಕೆಂಪಗೆ ಕಾದ ಕೊಳವೆಗೆ ನೀರು ಬಿದ್ದಿದ್ದರೆ ನಾವು ಮೂವರೂ ಕಮಲಾಪುರದ ತುಂಬ ಚದುರುತ್ತಿದ್ದೆವು. ಚಾಚಾ ಅವನ ಕೈ ಹಿಡಿದರು.

"ಛೋಡ್ ರೇ. ಮೊದ್ಲ ಬೆಂಕಿ."

ಒಲೆಗೆ ಬೀಳುವ ಕಬ್ಬಿನ ಸಿಪ್ಪೆ ನಿಲ್ಲಿಸಿದವರು, ಗಾಳಿ ನಿಲ್ಲಿಸಿದವರು, ಬೆಂಕಿ ಆರಿಸಿದವರು ಅವರೇ. ಪದವೀಧರನಾದ ನಾನು ಗೋಡೆಗೊರಗಿ ನಿಂತಿದ್ದೆ.

ಕೊಳವೆಗಳ ತಪಾಸಣೆ ಮುಗಿದ ಮೇಲೆ ಸಣ್ಣದನ್ನು ಮೊದಲು ಹದಕ್ಕೆ ತಂದು, ಆಮೇಲೆ ದೊಡ್ಡದರ ಕೈಗೆ ಕೊಟ್ಟೆ. ಒಂದೇ ದಿನದ ಕೆಲಸ. ವರದಿಯಲ್ಲಿ 'ಸಣ್ಣಪುಟ್ಟ ಹೊಂದಾಣಿಕೆ' ಎಂದು ಬರೆದರೆ ಸಾಕು ಎಂದರು ಮೇಲಿನವರು. ಬರೆದು, ಸಾಕ್ಷಿಯಾಗಿ ಚಾಚಾ ಅವರ ಸಹಿಗೆ ಹೋದೆ.

"ಏನ್ ಬರ್ದೀರಿ ಸಾಬ್?"

ಓದಿ ಹೇಳಿದೆ.

"ಹಂಗಾದ್ರ ನಾಳಿ ಬೆಂಕಿ ಹಚ್ಚುವಾಗ ನನ್ನ ಬಾಜೂಕ ನಿಂದರ್ರಿ."

ಅಲ್ಲೇ ಕೂತು ವರದಿಯನ್ನು ಮತ್ತೆ ಬರೆದೆ. ಈ ಸಲ ಎರಡು ಪುಟವಾಯಿತು.