ಫೋಟೋದಲ್ಲಿ ಇಲ್ಲದ ಸಂಡಿಗೆ

ಬೇಸಿಗೆಯಲ್ಲಿ ನಾಗಪುರದ ಆಕಾಶಕ್ಕೆ ಬಣ್ಣವೇ ಇರುವುದಿಲ್ಲ. ಜ್ವರ ಬಂದವರ ಮುಖದ ಹಾಗೆ ಬಿಳಿಚಿಕೊಂಡಿರುತ್ತದೆ. ಅದಕ್ಕೆ ನೀಲಿ ಹಚ್ಚುವುದು ನನ್ನ ಉದ್ಯೋಗ. ಲಕ್ಷ್ಮೀ ನಗರದ ನಮ್ಮ ಮನೆಯ ಮೂಲೆಯೊಂದರಲ್ಲಿ, ಕೂಲರಿನ ಗಾಳಿಗೆ ಬೆನ್ನು ಕೊಟ್ಟು ಕೂತು, ಮಾರಾಟಕ್ಕಿರುವ ಮನೆಗಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿಕೊಡುತ್ತೇನೆ. ಕಂಪನಿಗಳ ಜಾಹೀರಾತಿಗಾಗಿ ಮ್ಯಾನೇಜರುಗಳ ಮುಖ ತಿದ್ದುವುದೂ ಉಂಟು. ಆದರೆ ಮನೆಗಳೇ ವಾಸಿ. ಅವು ತಕರಾರು ಮಾಡುವುದಿಲ್ಲ. ಮ್ಯಾನೇಜರೊಬ್ಬರು ಬೋಳುತಲೆಯ ಹೊಳಪು ಕಡಿಮೆ ಮಾಡಿ ಎಂದರು. ಮಾಡಿದೆ. ಮುಖದ ವರ್ಚಸ್ಸೇ ಹೋಯಿತೆಂದು ಮರುದಿನ ಹೊಳಪನ್ನು ವಾಪಸು ಹಾಕಿಸಿಕೊಂಡರು.

“ಇಲ್ಲದ್ದನ್ನ ತೋರ್ಸೋದು ಪಾಪ ಅಲ್ವೇನೆ?” ಎಂದು ನಮ್ಮತ್ತೆ ಆಗಾಗ ಕೇಳುತ್ತಾರೆ. ಗೋಡೆಯ ಬಿರುಕು ನಾನು ಮುಚ್ಚುವುದಿಲ್ಲ, ಕಣ್ಣಿಗೆ ಚುಚ್ಚುವುದನ್ನಷ್ಟೇ ತೆಗೆಯುತ್ತೇನೆ ಎನ್ನುತ್ತೇನೆ. ಅದೂ ಸಾಲದಿದ್ದರೆ ನಮ್ಮ ಹಳೆಯ ಕವಿಗಳನ್ನು ಸಾಕ್ಷಿಗೆ ಕರೆಯುತ್ತೇನೆ. ಅವರ ಪುರವರ್ಣನೆಗಳಲ್ಲಿ ಬರೀ ಉಪ್ಪರಿಗೆ, ತಾವರೆಗೊಳ, ಮಾವಿನ ತೋಪು. ಯಾವ ಕಾವ್ಯದ ಪಟ್ಟಣದಲ್ಲಾದರೂ ಚರಂಡಿ ಹರಿದಿದೆಯೇ?

ಈ ವಾದ ಗಿರಿಜಕ್ಕನ ಮುಂದೆ ಮಾತ್ರ ನಡೆಯಲಿಲ್ಲ.

ಗಿರಿಜಕ್ಕ ಬಾಗಲಕೋಟೆ ಕಡೆಯವರು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾಗಿ ಧರಮಪೇಠದಲ್ಲಿದ್ದಾರೆ. ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಸೇರಿದಾಗ ನನಗೆ ಪರಿಚಯ. ಕಳೆದ ಬೇಸಿಗೆಯಲ್ಲಿ ಅವರ ಎದುರಿನ ಕಟ್ಟಡದ ಫ್ಲ್ಯಾಟೊಂದು ಮಾರಾಟಕ್ಕೆ ಬಂತು. ದಲ್ಲಾಳಿ ವಿಲಾಸ್ ಭಾವು ಫೋಟೋ ಕಳಿಸಿದರು. ನಡುಮನೆಯ ಕಿಟಕಿಯಾಚೆ, ಕಿರುಗಲ್ಲಿಯ ಆ ಬದಿಯ ಬಾಲ್ಕನಿಯಲ್ಲಿ ನೈಟಿ ತೊಟ್ಟು, ತಲೆಗೆ ಟವೆಲ್ ಹೊದ್ದು, ಕಾಗೆ ಓಡಿಸುವ ಕೋಲು ಹಿಡಿದು ಸಾಕ್ಷಾತ್ ಗಿರಿಜಕ್ಕ! ಮುಂದೆ ಹಳೆಯ ಸೀರೆಯ ಮೇಲೆ ಸಾಲುಸಾಲು ಸಂಡಿಗೆ.

“ಮ್ಯಾಡಮ್, ವ್ಯೂ ಏಕದಂ ಫಸ್ಟ್ ಕ್ಲಾಸ್ ಬೇಕು. ಆ ಹೆಂಗಸನ್ನು ತೆಗೆದು ಹೂವಿನ ಬಳ್ಳಿ ಹಾಕಿಬಿಡಿ,” ಎಂದರು ಭಾವು ಮರಾಠಿಯಲ್ಲಿ.

ಹಾಕಿದೆ. ಚೆಲುವಾದ ಕಾಗದದ ಹೂವಿನ ಬಳ್ಳಿ. ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ಗಿರಿಜಕ್ಕನನ್ನೇ ತಲುಪಿತು. ಫೋನು ಬಂತು.

“ನನ್ನ ತಗದಿ, ಬರೋಬರ್. ನೈಟಿ ಮ್ಯಾಲಿದ್ದೆ, ಚಲೋನ ಮಾಡಿದಿ. ಸಂಡಿಗಿ ಏನ್ ಮಾಡಿತ್ತವಾ ನಿನಗ? ಆ ಬಳ್ಳಿಗೆ ನೀರು ಯಾರು ಹಾಕಾವ್ರು?”

ವಿಷಯ ತಿಳಿದ ಭಾವು, ಗಿರಿಜಕ್ಕ ಎಲ್ಲವನ್ನೂ ಹೊರಹಾಕಿಬಿಟ್ಟರೆ ಎಂದು ಹೆದರಿದರು. ಭಾನುವಾರ ಗಿರಾಕಿಗಳು ಬರುವವರಿದ್ದರು. “ನೀವೂ ಬನ್ನಿ, ನಿಮ್ಮ ಭಾಷೆಯಲ್ಲಿ ಹೇಳಿ ಅವರನ್ನು ಸುಮ್ಮನಿರಿಸಿ,” ಎಂದು ಅಂಗಲಾಚಿದರು. ಹೋದೆ.

ಬಂದವರು ನಾಸಿಕದಿಂದ ವರ್ಗವಾಗಿದ್ದ ಎಳೆಯ ದಂಪತಿ. ಹೆಂಡತಿ ಕಿಟಕಿಗೆ ಹೋಗಿ ಹೊರಗೊಮ್ಮೆ, ಕೈಯಲ್ಲಿದ್ದ ಮೊಬೈಲಿಗೊಮ್ಮೆ ನೋಡಿದಳು. “ಇಲ್ಲಿ ಬಳ್ಳಿ ಇತ್ತಲ್ಲ?” ಭಾವು ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ಅಷ್ಟರಲ್ಲಿ ಎದುರು ಬಾಲ್ಕನಿಗೆ ಇಸ್ತ್ರಿ ಮಾಡಿದ ಇಳಕಲ್ ಸೀರೆಯುಟ್ಟ ಗಿರಿಜಕ್ಕ ಪ್ರವೇಶಿಸಿದರು. ಮರಾಠಿ-ಹಿಂದಿ ಎರಡನ್ನೂ ಕಲಸಿ ಶುರುಹಚ್ಚಿದರು: ಪಶ್ಚಿಮದ ಗೋಡೆ ಸಂಜೆಗೆ ಹಂಚಿನಂತೆ ಕಾಯುತ್ತದೆ, ಆ ಕೋಣೆಯಲ್ಲಿ ಮಲಗಬೇಡಿ, ಅಡುಗೆಮನೆಯ ನಲ್ಲಿಯಲ್ಲಿ ಬೆಳಿಗ್ಗೆ ನೀರು ಸಣ್ಣಗೆ ಬರುತ್ತದೆ, ಮೇಲಿನ ಮನೆಯ ಹುಡುಗಿ ತಬಲಾ ಕಲಿಯುತ್ತಾಳೆ, ಕೈ ಇನ್ನೂ ಕೂತಿಲ್ಲ.

“ಗಿರಿಜಕ್ಕ, ಸಾಕು ಮಾಡ್ರೀ,” ಎಂದೆ ಮೆಲ್ಲಗೆ.

“ಯಾಕ ಸಾಕು? ಇರಾವ್ರು ಅವ್ರು. ಗೋಡಿ ಕಾದ ಮ್ಯಾಲ ನೀ ಬಂದು ಅದಕ್ಕೂ ನೀಲಿ ಹಚ್ಚತೀಯೇನು?”

ನನ್ನ ಹಳೆಯ ಕವಿಗಳು ಒಬ್ಬರೂ ನೆರವಿಗೆ ಬರಲಿಲ್ಲ. ಭಾವು ಬೆವರೊರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ಹೋಗಿ ಕೂತರು. ಆದರೆ ಮನೆ ನೋಡಲು ಬಂದ ಹುಡುಗಿ ಕಿಟಕಿ ಬಿಟ್ಟು ಕದಲಲಿಲ್ಲ. ಎದುರು ಹರಡಿದ್ದ ಸಂಡಿಗೆ ಒಂದೇ ದಿನಕ್ಕೆ ಒಣಗುತ್ತದೆಯೇ ಎಂದಳು. ಹಾಲಿನವನ ಬಗ್ಗೆ ಕೇಳಿದಳು, ಮಕ್ಕಳ ಡಾಕ್ಟರ ಬಗ್ಗೆ ಕೇಳಿದಳು. ಗಂಡ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ, ಕೂಲರಿಗೆ ಜಾಗ ಹುಡುಕತೊಡಗಿದ. ಗಲ್ಲಿಯ ಮೇಲಿಂದಲೇ ಇಬ್ಬರು ಹೆಂಗಸರ ನಡುವೆ ಹೊಕ್ಕುಬಳಕೆ ಶುರುವಾಗಿತ್ತು.

ಮನೆಯನ್ನು ಅವರೇ ಕೊಂಡರು. ಆ ಭಾನುವಾರ ಮೆಟ್ಟಿಲಿಳಿದು ಹೋಗುವಾಗಲೇ ಹುಡುಗಿ ನನಗೆ ಹೇಳಿದ್ದಳು: “ಎಷ್ಟೊಂದು ಮನೆ ನೋಡಿದೆವು. ಎಲ್ಲ ಚಂದವೇ. ಏನು ಮುಚ್ಚಿಟ್ಟಿದ್ದಾರೋ ಎಂದು ಪ್ರತಿ ಸಲವೂ ದಾರಿಯುದ್ದಕ್ಕೂ ಜಗಳ. ಇವತ್ತು ಜಗಳಕ್ಕೆ ಏನೂ ಉಳಿದಿಲ್ಲ.”

ಕಂಪ್ಯೂಟರಿನ ಮುಂದೆ ಇಷ್ಟು ವರ್ಷ ಕೂತರೂ ನನಗೆ ಇದು ಹೊಳೆದಿರಲಿಲ್ಲ. ಕೊಳ್ಳುವವರು ಹೆದರುವುದು ಕಂಡ ಕೊರತೆಗಲ್ಲ, ಕಾಣದ್ದಕ್ಕೆ. ನಾನೋ, ಕಾಣುವುದನ್ನೆಲ್ಲ ಕಾಣದಂತೆ ಮಾಡಿ ಅವರ ಹೆದರಿಕೆಯನ್ನು ಬೆಳೆಸುತ್ತ ಕೂತಿದ್ದೆ.

ವಿಲಾಸ್ ಭಾವು ಕಲಿತ ಪಾಠ ಬೇರೆ. ಮುಂದಿನ ವಾರವೇ ಊರಾಚೆಯ ಹೊಸ ಫ್ಲ್ಯಾಟಿನ ಫೋಟೋ ಕಳಿಸಿದರು. ಕಿಟಕಿಯಾಚೆ ಬರೀ ಬಯಲು. “ಮ್ಯಾಡಮ್, ಇಲ್ಲಿ ಎದುರಿಗೊಂದು ಬಾಲ್ಕನಿ ಮಾಡಿ ಆ ಹೆಂಗಸನ್ನೇ ಕೂರಿಸಿ. ಸಂಡಿಗೆಯೂ ಇರಲಿ.”

ಆಗಲ್ಲ ಎಂದೆ. ಆದರೂ ತಮಾಷೆಗೆ ಗಿರಿಜಕ್ಕನಿಗೆ ಫೋನು ಮಾಡಿ ತಿಳಿಸಿದೆ. ಅವರು ನಗಲಿಲ್ಲ. ಗಂಭೀರವಾಗಿ ಯೋಚಿಸಿ ಕೇಳಿದರು: “ಅಲ್ಲಿ ನೀರು ಬರೋಬರ್ ಬರತೈತೇನು? ಮೊದಲ ನಾ ಹೋಗಿ ನೋಡತೀನಿ. ಆಮ್ಯಾಲ ಕೂಡ್ರಸು.”

ಈ ಕರಾರಿಗೆ ಭಾವು ಇನ್ನೂ ಒಪ್ಪಿಲ್ಲ.